ಸೊಸೆ ಕಚ್ಚಿದ ಬೀಜ

ತೀರಿಕೊಂಡ ಅತ್ತೆ ಗಿಡ್ಡಮ್ಮನ ಬಾಯಿಗೆ ಅಕ್ಕಿಕಾಳು ಹಾಕಲು ಬಗ್ಗಿದ ತಂಗಮ್ಮನ ಕೈ ಅಲ್ಲೇ ನಿಂತುಬಿಟ್ಟಿತು. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಸಡಿಲಿಸಿದ್ದರಿಂದ ಬಾಯಿ ತುಸು ತೆರೆದಿತ್ತು. ಮುಂದೆ ಎರಡು ಹಲ್ಲು. ಅದರಾಚೆ ದವಡೆಯೆಲ್ಲ ಬರೀ ವಸಡು.

ಪಕ್ಕದ ಮನೆಯ ಮರಿಯಮ್ಮನೂ ಬಗ್ಗಿ ನೋಡಿದಳು. "ಅಯ್ಯೋ ಶಿವನೇ! ದವಡೆಹಲ್ಲೇ ಇಲ್ವಲ್ಲೇ. ಮತ್ತೆ ಇಷ್ಟು ವರ್ಷ ಬೀಜ ಕಚ್ಚಿ ನೋಡ್ತಿದ್ದದ್ದು ಹೆಂಗೆ?"

ಕೇಳಬೇಕಾದ ಪ್ರಶ್ನೆಯೇ. ಅತ್ತಿಗುಂಡಿ ಕಡೆಯ ಆ ಎಸ್ಟೇಟಿನಲ್ಲಿ ಕಣದ ಕಾಫಿ ಒಣಗಿದೆಯೋ ಇಲ್ಲವೋ ಎಂದು ಹೇಳುವ ಬಾಯಿ ಗಿಡ್ಡಮ್ಮನದೊಂದೇ. ಸಂಜೆ ಕಣದ ನಡುವೆ ನಿಂತು, ಒಂದು ಬೀಜ ಬಾಯಿಗೆ ಹಾಕಿಕೊಂಡು, ಸೆರಗು ಅಡ್ಡ ಹಿಡಿದು "ತುಂಬಿ" ಎಂದರೆ ಚೀಲ ತುಂಬಬೇಕು. "ಬೇಡ" ಎಂದರೆ ತೋಟದ ದೊರೆಯೇ ಬಂದರೂ ಬೇಡ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವರಾಜಯ್ಯನವರು ಒಮ್ಮೆ ಆ ವಿದ್ಯೆಯನ್ನು ಬರೆದುಕೊಳ್ಳಲು ಕೂತಿದ್ದರು. "ಒಣಗಿದ್ದು ಒಣಗಿದಂಗಿರ್ತದೆ ಸ್ವಾಮಿ" ಎಂದಳು ಮುದುಕಿ. ಅವರು ಪೆನ್ನು ಮುಚ್ಚಿ ಎದ್ದುಹೋದರು.

ಮೇಸ್ತ್ರಿ ಗುರುವಯ್ಯ ಅಂಗಳದ ಅಂಚಿನಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಕೈಯಲ್ಲಿ ಒಂದು ಹಿಡಿ ಕಾಫಿಬೀಜ.

"ಹೆಣದ ಮುಂದೆ ಕೇಳಬಾರ್ದು ತಂಗಮ್ಮ. ಆದ್ರೆ ಮಂಗಳೂರಿಗೆ ಹೋಗೋ ಎತ್ತಿನಗಾಡಿ ಬಂದು ನಿಂತಿದೆ. ನಿನ್ನೆ ಮೊನ್ನೆ ಮೋಡ ಬೇರೆ. ಹಸಿ ತುಂಬಿದ್ರೆ ಘಟ್ಟ ಇಳಿಯೋದ್ರೊಳಗೆ ಬೂಷ್ಟು ಹಿಡೀತದೆ. ಗೊತ್ತಿರೋರು ಯಾರೂ ಇಲ್ಲ ಅಂದ್ರೆ ದೊರೆ ಆಲ್ದೂರಿನೋರನ್ನ ಕಣಕ್ಕೆ ಕರೆಸ್ತಾರಂತೆ. ಆಮೇಲೆ ನೀವೆಲ್ಲ ಹಣ್ಣು ಕುಯ್ಯೋಕೆ ಹೋಗ್ಬೇಕು."

ತಂಗಮ್ಮನದು ಕುಂಟುಗಾಲು. ಇಳಿಜಾರಿನಲ್ಲಿ ಬುಟ್ಟಿ ಕಟ್ಟಿಕೊಂಡು ನಿಲ್ಲಲಾರಳು. ಕಣದ ಕೆಲಸ ಹೋದರೆ ಅವಳ ಕೂಲಿಯೂ ಹೋದಂತೆಯೇ.

"ನಂಗೇನು ಗೊತ್ತು ಮೇಸ್ತ್ರಿಗಳೇ? ಅತ್ತೆ ಒಂದು ದಿನನೂ ಹೇಳಿಕೊಡ್ಲಿಲ್ಲ." ಅಳುವಿಗಿಂತ ಮೊದಲು ಸಿಟ್ಟು ಬಂತು.

*

ಹೇಳಿಕೊಟ್ಟಿರಲಿಲ್ಲ, ನಿಜ. ಕಾಟ ಮಾತ್ರ ಕೊಟ್ಟಿದ್ದಳು. ದಿನಾ ಹೊತ್ತು ಇಳಿಯುವಾಗ ಸೊಸೆಯನ್ನು ಕಣದ ಗೋಡೆಯ ಮರೆಗೆ ಕರೆದು ಒಂದು ಬೀಜ ಕೊಡುವಳು.

"ಕಚ್ಚೇ."

"ನಾನೇನು ಇಲಿನಾ ಅತ್ತೆ?"

"ಕಚ್ಚು ಅಂದ್ರೆ ಕಚ್ಚು ಮಾರಾಯ್ತಿ."

ಸೊಸೆ ಕಚ್ಚುವಾಗ ಮುದುಕಿ ಕಣ್ಣು ಮುಚ್ಚಿ, ಕಿವಿಯನ್ನು ಅವಳ ಕೆನ್ನೆಗೆ ತಾಗುವಷ್ಟು ಹತ್ತಿರ ತರುವಳು. ಆಮೇಲೆ ಎಲ್ಲರ ಎದುರು ಹೋಗಿ, ತಾನೊಂದು ಬೀಜ ಬಾಯಲ್ಲಿ ಹೊರಳಿಸಿ ತೀರ್ಪು ಹೇಳುವಳು. ಅತ್ತೆಗೆ ಅರಳುಮರಳು ಎಂದು ತಂಗಮ್ಮ ಗಂಡ ಲಕ್ಕಯ್ಯನ ಹತ್ತಿರ ಎಷ್ಟೋ ಸಲ ನಕ್ಕಿದ್ದಳು.

*

"ಕೊಡಿ ಇಲ್ಲಿ," ಎಂದಳು ತಂಗಮ್ಮ. ಅಕ್ಕಿಯನ್ನು ಎಡಗೈಗೆ ಬದಲಿಸಿ, ಒಂದು ಬೀಜವನ್ನು ದವಡೆಗಿಟ್ಟು ಕಚ್ಚಿದಳು. ಹಲ್ಲು ಮೊದಲು ತುಸು ಊರಿತು, ಬೀಜ ಆಮೇಲೆ ಒಡೆಯಿತು. ಇಂಥ ಬೀಜ ಕಚ್ಚಿದ ಸಂಜೆಗಳಲ್ಲಿ ಅತ್ತೆ ಏನು ಹೇಳುತ್ತಿದ್ದಳೆಂಬುದು ಹಲ್ಲಿಗೇ ನೆನಪಿತ್ತು.

"ಬೇಡ. ಇನ್ನೂ ಬಿಸಿಲು ಬೇಕು."

"ಖಂಡಿತಾನಾ? ದೊರೆಗೆ ನಾನು ಉತ್ತರ ಹೇಳ್ಬೇಕು ಮಾರಾಯ್ತಿ."

"ನೀವೂ ಒಂದು ಕಚ್ಚಿ."

ಗುರುವಯ್ಯ ಹೆಣದ ಕಡೆಗೊಮ್ಮೆ ನೋಡಿ, ಸಂಕೋಚದಿಂದಲೇ ಕಚ್ಚಿದ. ಅಷ್ಟು ಜನರ ಮುಂದೆ ತಂಗಮ್ಮ ಅವನ ಕೆನ್ನೆಯ ಹತ್ತಿರ ಕಿವಿ ತಂದಳು. ಒಣಗಿದ ಬೀಜದಂತೆ ಟಕ್ಕೆನ್ನಲಿಲ್ಲ, ಒದ್ದೆ ಸೌದೆ ಮುರಿದ ಹಾಗೆ ಮೆತ್ತಗೆ ಕೇಳಿಸಿತು. ಓ, ಅತ್ತೆ ಕೇಳುತ್ತಿದ್ದದ್ದು ಇದನ್ನು!

"ಬೇಡ ಅಂದ್ರೆ ಬೇಡ," ಎಂದಳು.

ಗುರುವಯ್ಯ ರಸ್ತೆಯ ಕಡೆ ತಿರುಗಿ, "ಎತ್ತು ಬಿಚ್ರೋ," ಎಂದು ಕೂಗಿದ.

ತಂಗಮ್ಮ ಹೆಣದ ಪಕ್ಕಕ್ಕೆ ಬಂದು ಕೂತಳು. ಎಡಮುಷ್ಟಿಯಲ್ಲಿ ಅಕ್ಕಿಕಾಳು ಬೆವರಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಆ ಬರೀ ವಸಡಿನ ಬಾಯಿಗೆ ಹಾಕಿದಳು. "ಆಯ್ತು, ಏಳೇ," ಎಂದಳು ಮರಿಯಮ್ಮ. ತಂಗಮ್ಮ ಏಳಲಿಲ್ಲ. ಕಣ್ಣು ಮುಚ್ಚಿ, ಇನ್ನೂ ಬಗ್ಗಿ, ಕಿವಿಯನ್ನು ಅತ್ತೆಯ ಕೆನ್ನೆಗೆ ತಾಗುವಷ್ಟು ಹತ್ತಿರ ತಂದಳು.