ಸೀಸೆಯೊಳಗಿನ ಕರಿ ಕೂದಲು

ಬೇಸಿಗೆ ಮುಗಿದು ನೊಣ ಮುತ್ತುವ ಕಾಲ. ಒಂದು ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಕಣ್ಣಿಗೆ ಬಿತ್ತು. ಅತ್ತೆಯ ಕೆಂಪು ಹಸು ಕೆಂದಿಯ ಕುತ್ತಿಗೆಯಲ್ಲೂ, ಮನೆಯಳಿಯ ಹೊಸದಾಗಿ ತಂದ ಕರಿ ಹಸುವಿನ ಬೆನ್ನಲ್ಲೂ ಗಂಟು. ದನದ ಡಾಕ್ಟರು ಬಂದು ಎರಡರ ಗಂಟಿನ ಮೇಲಿನ ಹಕ್ಕಳೆಯನ್ನೂ ಕೆತ್ತಿ ಎರಡು ಸೀಸೆಗೆ ಹಾಕಿ, ಕಿಟಕಿಯಲ್ಲಿ ಸಾಲಾಗಿಟ್ಟರು. ಯಾವುದು ಯಾವ ಹಸುವಿನದೆಂದು ಚೀಟಿ ಅಂಟಿಸಿ ಇವತ್ತೇ ಲ್ಯಾಬಿಗೆ ಮುಟ್ಟಿಸಿ ಎಂದು ಅಳಿಯನಿಗೆ ಹೇಳಿ, ಇನ್ನೊಂದು ಕಡೆಯಿಂದ ಫೋನು ಬಂತೆಂದು ಹೊರಟರು.

ಸೋಮವಾರ ವರದಿ ಬಂತು. ಕೆಂದಿಗೆ ಚರ್ಮಗಂಟು ರೋಗ, ಕರಿಯದಕ್ಕೆ ರೋಗವಿಲ್ಲ. ಕೆಂದಿಯನ್ನು ದೂರದ ಶೆಡ್ಡಿನಲ್ಲಿ ಕಟ್ಟಿದರು. ಕರಿಯದು ಎರಡು ಕರುಗಳ ಪಕ್ಕದಲ್ಲೇ ಉಳಿಯಿತು.

ಅತ್ತೆಗೆ ನಂಬಿಕೆ ಬರಲಿಲ್ಲ. ಮೈ ಕಾದು ಮೇವು ಬಿಟ್ಟದ್ದು ಕರಿಯದು. ಕೆಂದಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಕರಿಯದನ್ನು ನೋಡಲು ಮುಂದಿನ ವಾರ ಗಿರಾಕಿ ಬರುವವರಿದ್ದರು, ಅದೂ ನೆನಪಾಯಿತು.

"ಅಳಿಯಂದ್ರೇ, ದಾರೀಲಿ ಚೀಟಿ ಏನಾದ್ರೂ ಉದುರಿತ್ತಾ?"

"ಉದುರೋಕೆ ಅದೇನು ಹಣ್ಣೆಲೆನಾ ಅತ್ತೆ?"

"ಗಾಳಿ ನೋಡ್ಕೊಂಡು ಉದುರೋ ಎಲೆಗಳೂ ಇರ್ತವೆ."

ಅಳಿಯ ಅರ್ಧ ಕುಡಿದ ಲೋಟ ಕೆಳಗಿಟ್ಟ. ಅಂದಿನಿಂದ ಊಟ ಬಡಿಸುವಾಗ ಅವಳು ಅವನ ಮುಖ ನೋಡಲಿಲ್ಲ.

ಬುಧವಾರ ಸಣ್ಣ ಕರುವಿನ ಕಿವಿಯ ಬುಡದಲ್ಲಿ ಗಂಟೆದ್ದಿತು. ಅತ್ತೆ ನೇರ ಲ್ಯಾಬಿಗೆ ಹೋಗಿ, ವರದಿ ಅದಲುಬದಲಾಗಿದೆ, ರೋಗ ಇರೋದು ಅಳಿಯನ ಹಸುವಿಗೆ ಎಂದಳು.

"ಅಮ್ಮಾ, ನಿಮ್ಮ ಹಸು ಯಾವುದು, ಅಳಿಯನದ್ಯಾವುದು ಅಂತ ಯಂತ್ರಕ್ಕೆ ಗೊತ್ತಾಗಲ್ಲ," ಎಂದಳು ಪರೀಕ್ಷೆ ಮಾಡಿದ ಹುಡುಗಿ.

"ಅದಕ್ಕೇ ಬಂದೆ, ಗೊತ್ತಿರೋರು ಒಂದ್ಸಲ ನೋಡ್ಲಿ ಅಂತ."

ಹುಡುಗಿ ನಕ್ಕು, ಉಳಿದ ಹಕ್ಕಳೆಯ ಸೀಸೆಗಳನ್ನು ಫ್ರಿಜ್ಜಿನಿಂದ ತಂದಳು. ಕೆಂದಿಯ ಚೀಟಿ ಇದ್ದ ಸೀಸೆಯಲ್ಲಿ ಹಕ್ಕಳೆಗೆ ಅಂಟಿದ್ದು ಐದಾರು ಕರಿ ಕೂದಲು.

"ಕೆಂದಿ ಮೈಮೇಲೆ ಹುಡುಕಿದ್ರೂ ಒಂದು ಕರಿ ಕೂದಲಿಲ್ಲ. ಅಳಿಯ ಚೀಟಿ ಬದಲಾಯಿಸಿದಾನೆ."

"ಯಾವ ಸೀಸೆ ಯಾವ ಹಸುದು ಅಂತ ನಿಮ್ಮ ಅಳಿಯನಿಗೆ ಹೇಳಿದ್ದು ಯಾರು?"

ಅತ್ತೆಗೆ ಡಾಕ್ಟರು ಬಂದ ಬೆಳಗ್ಗೆ ನೆನಪಾಯಿತು. ಅಂದು ಅವಳು ಹಾಲು ಕರೆಯುತ್ತಿದ್ದಾಗ ಅಳಿಯ ಕಿಟಕಿಯ ಬಳಿಯಿಂದ ಕೂಗಿ ಕೇಳಿದ್ದ, "ಅತ್ತೆ, ಮೊದಲನೇದು ಯಾವುದು?" ದಿನಾ ಮೊದಲು ಕರೆಯುವುದು ಕರಿಯದನ್ನೇ. ಅದನ್ನೇ ಕೇಳುತ್ತಿದ್ದಾನೆಂದುಕೊಂಡು, ಕೆಚ್ಚಲಿನಿಂದ ತಲೆ ಎತ್ತದೆ "ಕರೀದು" ಎಂದಿದ್ದಳು. ಡಾಕ್ಟರು ಮೊದಲು ಕೆತ್ತಿದ್ದು ಕೆಂದಿಯನ್ನು.

ಮನೆಗೆ ಬಂದು, ಕೆಂದಿಯನ್ನು ಹಟ್ಟಿಗೆ ತಂದು ಕಟ್ಟಿ, ಕರಿಯದನ್ನೂ ಸಣ್ಣ ಕರುವನ್ನೂ ದೂರದ ಶೆಡ್ಡಿಗೆ ಹೊಡೆದಳು. ಕೈ ತೊಳೆದು, ಅಳಿಯನ ಎದುರು ಕೂತು ಒಂದೂ ಬಿಡದೆ ಹೇಳಿದಳು.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ."

"ಕೇಳೋಕೆ ಬಾಯಿ ಬರ್ಲಿಲ್ಲ. ಚುಚ್ಚೋಕೆ ಬಂತು."

ಗುರುವಾರ ಬೆಳಗ್ಗೆ, ಹಾಲು ಕರೆಯುವ ಮೊದಲೇ ಅಳಿಯ ಮನೆ ಬಿಟ್ಟು ಹೊರಟುಹೋದ. ಮಗಳೂ ಅವನ ಹಿಂದೆಯೇ ಹೋದಳು.