ಕಿವಿರಿನ ಬಿಡಾರ
ಬೋರಲಿಂಗಯ್ಯ ಮರಳವಾಡಿಯಲ್ಲಿ ಮನೆ ಅಳಿಯನಾಗಿ ನಾಲ್ಕು ವರ್ಷವಾಗಿತ್ತು. ಕ್ಲೋಸ್‌ಪೇಟೆಯಲ್ಲಿ ಮೇಷ್ಟ್ರ ಕೆಲಸಕ್ಕೆ ಕರೆದಿದ್ದರೂ ಹೋಗಿರಲಿಲ್ಲ. ಬೆಂಗಳೂರಿನಲ್ಲಿ ಕಲಿತ ಪ್ರಾಣಿಶಾಸ್ತ್ರವನ್ನು ಊಟಕ್ಕೆ ಮುಂಚೆ ಬಡಿಸುವುದೇ ಅವನ ದುಡಿಮೆ.

ಅಂದು ಅತ್ತೆ ಕಾವೇರಮ್ಮ ಹೊಳೆಮೀನು ಉಜ್ಜುವಾಗ ಕಿವಿರಿನಲ್ಲಿ ಬಿಳಿ ಚುಕ್ಕೆಗಳು ಕಂಡವು.

"ಅಳಿಮಯ್ಯ, ಇದೇನು ಹುಳವಾ?"

"ಅಲ್ಲ ಕಣತ್ತೆ, ಕಪ್ಪೆಚಿಪ್ಪಿನ ಮರಿ. ಮೀನಿಗೆ ಕಚ್ಕೊಂಡು ಅದರ ಮೈಯಲ್ಲೇ ಉಂಡು ಬೆಳೀತವೆ," ಎಂದು ಉಬ್ಬಿದ.

"ಯಾವಾಗ್ಲೂ ಇಲ್ಲೇ ಇರ್ತವಾ?"

"ಎಲ್ಲಾರ ಉಂಟಾ! ಕೆಲವು ವಾರ ಅಷ್ಟೆ. ಬಲಿತ ಮೇಲೆ ಉದುರಿ, ಹೊಳೆ ತಳದಲ್ಲಿ ತಮ್ಮ ಬದುಕು ನೋಡ್ಕತವೆ."

"ಇಷ್ಟು ಬೇಗ ಉದುರೋಯ್ತವಾ! ಮಾನ ಇರೋ ಮರಿಗಳು ಬುಡಿ."

ಹೆಂಡತಿ ಬೈರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತನ್ನ ಪಾಠ ಬೋರಲಿಂಗಯ್ಯನಿಗೆ ಆಗಷ್ಟೇ ಅರ್ಥವಾಯಿತು. ಚಿಪ್ಪಿನ ಮರಿಗಿಂತ ತಾನು ಬಲು ನಿಧಾನವಾಗಿ ಬಲಿತವನು ಎಂದು ನಕ್ಕುಕೊಂಡು, ಮಾರನೆಯ ಬೆಳಿಗ್ಗೆ ಕ್ಲೋಸ್‌ಪೇಟೆಯ ದಾರಿ ಹಿಡಿದ. ಬುತ್ತಿ ಮಾತ್ರ ಅತ್ತೆಯದೇ.