ಎಲ್ಲಿ ಹಿಡಿಯುತ್ತೆ?

ಹದಿನೇಳನೇ ಜೋಡಿಯ ರಬ್ಬರ್ ಬೂಟಿನೊಳಗೆ ಕೈ ತೂರಿಸಿ ಒರೆಸುತ್ತಿದ್ದಾಗ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಒಂದಲ್ಲ, ಮೂರು ಸಲ. ಅತ್ತಿಗೆ ಇಳಿದದ್ದು ಒಂದು, ಅಣ್ಣನನ್ನು ಇಳಿಸಿದ್ದು ಇನ್ನೊಂದು, ಹಿಂದಿನ ಸೀಟಿನಲ್ಲಿ ಮರೆತ ಊರುಗೋಲನ್ನು ತೆಗೆದದ್ದು ಮೂರನೆಯದು. ತಮ್ಮ ಕೂತಲ್ಲಿಂದಲೇ ಎಲ್ಲವನ್ನೂ ಅಂದಾಜು ಮಾಡಿದ. ಎದ್ದು ಹೋಗಿ ಕೈ ಕೊಡಬೇಕಿತ್ತು. ಹೋಗಲಿಲ್ಲ. ಬೂಟಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ತೇವವಿತ್ತು, ಅದನ್ನು ಒರೆಸಿದ.

ಕೆರೆ ದಂಡೆಯ ಆ ಇಡೀ ವಾಟರ್ ಸ್ಕೀ ಕ್ಲಬ್ಬು ಅವನನ್ನು 'ತಮ್ಮ' ಎಂದೇ ಕರೆಯುತ್ತಿತ್ತು. ಐವತ್ತೆರಡು ವರ್ಷದ, ಮುಂದಲೆ ಬೋಳಾದ ಆಸಾಮಿಯನ್ನು ಕಾಲೇಜು ಹುಡುಗಿಯರೂ "ತಮ್ಮಾ, ನನ್ನ ಸ್ಕೀ ಎಲ್ಲಿ?" ಎಂದು ಕೂಗುವುದನ್ನು ಕೇಳಿದರೆ ಹೊಸಬರಿಗೆ ನಗು ತಡೆಯುತ್ತಿರಲಿಲ್ಲ. ಅಣ್ಣ ಎಂಬ ಒಬ್ಬ ಇದ್ದದ್ದರಿಂದ ಇವನು ತಮ್ಮ, ಅಷ್ಟೇ. ಅಣ್ಣ ನೀರಿನ ಮೇಲಿನವನು. ಮೋಟಾರು ದೋಣಿಯ ಹಗ್ಗ ಹಿಡಿದು ಒಂಟಿ ಸ್ಕೀಯ ಮೇಲೆ ಎದ್ದನೆಂದರೆ ದಡದಲ್ಲಿದ್ದವರಿಗೆ ಕೈಯಲ್ಲಿನ ಕಾಫಿ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ತಮ್ಮ ಶೆಡ್ಡಿನವನು. ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ ಸ್ಕೀ ಕಟ್ಟಿಕೊಂಡು, ಮುಗ್ಗರಿಸಿ, ಹೊಟ್ಟೆ ತುಂಬ ಕೆರೆ ನೀರು ಕುಡಿದು, ಅಣ್ಣ ಕೂದಲು ಹಿಡಿದು ದಡಕ್ಕೆಳೆದ ಮೇಲೆ ಅವನಿಗೂ ನೀರಿಗೂ ಎಣ್ಣೆ ಸೀಗೆಕಾಯಿ. ಆದರೆ ದಡದ ಮೇಲೆ ಸ್ಕೀಯ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಸೀಸನ್ ಮುಗಿದು ದೋಣಿಗಳಿಗೆ ಟಾರ್ಪಾಲು ಹೊದಿಸಿದ ಮೇಲೆ ಅವನ ಕೆಲಸ ಶುರುವಾಗುತ್ತಿತ್ತು. ಸ್ಕೀಗಳನ್ನು ಒಳ್ಳೆ ನೀರಲ್ಲಿ ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಬಾರದು. ಒಬ್ಬ ಸೆಕ್ರೆಟರಿ ಬಟ್ಟೆ ಒಣಗಿಸಿದಂತೆ ಎಂಟು ಜೋಡಿ ಬಿಸಿಲಿಗೆ ಹರವಿ, ರಬ್ಬರೆಲ್ಲ ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟದ್ದು ಇನ್ನೂ ಕ್ಲಬ್ಬಿನ ನಗೆಮಾತು. ಆಮೇಲೆ ಬೂಟನ್ನು ಸ್ಕೀ ಹಲಗೆಗೆ ಬಿಗಿಯುವ ಸ್ಕ್ರೂಗಳನ್ನು ನೋಡಬೇಕು, ತಳದ ರೆಕ್ಕೆ ಅಲುಗಾಡುತ್ತದೆಯೇ ನೋಡಬೇಕು, ಬೂಟಿಗೆ ಪೌಡರು ಹಾಕಿ ಹೆಸರಿನ ಚೀಟಿ ಕಟ್ಟಿ ಗೂಟಕ್ಕೆ ತೂಗುಹಾಕಬೇಕು. ಮುಂದಿನ ಸಲ ಬರದವರ ಸ್ಕೀ ಕೆಳಗಿನ ಸಾಲಿಗೆ. ಅವುಗಳ ಚೀಟಿ ಕತ್ತರಿಸಿ, ಸ್ಕ್ರೂ ಪೂರ್ತಿ ಸಡಿಲಿಸಿ ಇಟ್ಟರೆ ಅವು ಎಲ್ಲರವೂ ಆದವು, ಯಾರವೂ ಅಲ್ಲದವೂ ಆದವು.

ಒಣಗಿದ ಮೇಲೆ, ಸ್ಕ್ರೂ ಮುಟ್ಟುವ ಮೊದಲು, ಕಾಲು ಕೇಳುವುದೊಂದಿತ್ತು. ಅದು ಅಣ್ಣ ಹಾಕಿಕೊಟ್ಟ ಪದ್ಧತಿ. ಒಬ್ಬೊಬ್ಬರಾಗಿ ಬಂದು ಒಣಗಿದ ಕಾಲನ್ನು ಒಣಗಿದ ಬೂಟಿಗೆ ಹಾಕಿ ನಿಲ್ಲಬೇಕು. ತಮ್ಮ ಮಂಡಿಯೂರಿ "ಎಲ್ಲಿ ಹಿಡಿಯುತ್ತೆ?" ಎಂದು ಕೇಳಬೇಕು. ಅವರು ತೋರಿಸಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು, ರಜೆಯ ತಿಂಗಳುಗಳಲ್ಲಿ ಅಷ್ಟನ್ನು ಸರಿಮಾಡಬೇಕು. "ನೀರಲ್ಲಿ ಸೋಪು ಹಚ್ಕೊಂಡು ಕಾಲು ತೂರಿಸ್ತೀವಲ್ಲ, ಆಗ ಕಾಲು ಸುಳ್ಳು ಹೇಳುತ್ತೆ. ನಿಜ ಹೇಳೋದು ಒಣಗಿದ್ದಾಗ್ಲೇ" ಎನ್ನುವುದು ಅಣ್ಣನ ಮಾತು. ಮೂವತ್ತು ವರ್ಷದಲ್ಲಿ ಅವನೂ ಒಮ್ಮೆಯೂ ತಪ್ಪಿಸಿದವನಲ್ಲ.

ಎರಡು ತಿಂಗಳ ಹಿಂದೆ ಅಣ್ಣ ಷೂ ಲೇಸು ಕಟ್ಟುತ್ತ ಕುರ್ಚಿಯಿಂದ ಪಕ್ಕಕ್ಕೆ ವಾಲಿ ಬಿದ್ದಿದ್ದ. ಲಕ್ವ. ಬಲಗೈ ಬಲಗಾಲು ಹೋದವು. ಮಾತು ಹೋಗಿ, ಸ್ವಲ್ಪ ತೊದಲಿಕೊಂಡು ಹಿಂದಕ್ಕೆ ಬಂತು. ಇನ್ನು ನೀರಿಗಿಳಿಯುವ ಮಾತೇ ಬೇಡ ಎಂದು ಡಾಕ್ಟರು ಹೇಳಿದರೆ, "ಅವ್ರು ಯಾವತ್ತಾದ್ರೂ ನೀರಿಗಿಳಿದಿದಾರಾ?" ಎಂದು ಕೇಳಿದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮುಂದಿನ ಸೀಸನ್ನಿನ ಮೊದಲ ದಿನ ನಾನು ನೀರಲ್ಲಿರುತ್ತೇನೆ ಎಂದು ದೋಣಿಯವನಿಗೆ ಹೇಳಿಯೂ ಕಳಿಸಿದ.

ತಮ್ಮನಿಗೆ ಆಸ್ಪತ್ರೆಯಲ್ಲಿ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಅಳು ಹೋಗಲಿ, ಹೆದರಿಕೆಯೂ ಬರಲಿಲ್ಲ. ಊಟ ಮಾಡಿದ, ನಿದ್ದೆ ಮಾಡಿದ, ಹೇಳಿದ್ದಕ್ಕೆಲ್ಲ "ಹೂಂ" ಅಂದ. "ನಿಂದೇನು ಎದೆನೋ ಕಲ್ಲೋ?" ಎಂದು ಅತ್ತಿಗೆ ಒಮ್ಮೆ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೇಳಿಬಿಟ್ಟಿದ್ದಳು. ಅದಕ್ಕೂ "ಹೂಂ" ಅಂದಿದ್ದ. ನಿನ್ನೆ ಅವಳೇ ಫೋನು ಮಾಡಿದ್ದಳು.

"ನಿಮ್ಮಣ್ಣ ಹೇಳಿದ್ದು ಮಾಡೇ ಮಾಡ್ತಾರೆ, ನಿನಗ್ಗೊತ್ತು. ಜಾಕೆಟ್ ಹಾಕಿದ್ರೆ ತೇಲ್ತಾರಪ್ಪ, ಆದ್ರೆ ಮುಖ ಕೆಳಗಾಗಿ ಬಿದ್ರೆ ತಿರುಗ್ಬೇಕಲ್ಲ? ಯಾವ ಕೈಲಿ ತಿರುಗ್ತಾರೆ? ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ. ನಾಳೆ ಕಾಲು ಕೇಳೋವಾಗ ನೀನೇ ಹೇಳ್ಬಿಡು. ಸ್ಕೀ ಕೆಳಗಿನ ಸಾಲಿಗೆ ಹಾಕ್ತೀನಿ ಅಂತ ಹೇಳು."

"ಹೂಂ, ಅತ್ತಿಗೆ."

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಾಗಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಈಗ ಅಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಷರಟು ಇಸ್ತ್ರಿಯಾಗಿತ್ತು. ಕೂದಲನ್ನು ಎಡಗೈಯಲ್ಲಿ ಬಾಚಿಕೊಂಡಿದ್ದನೆಂದು ಕಾಣುತ್ತದೆ, ಬೈತಲೆ ಸೊಟ್ಟಗಿತ್ತು. ಅತ್ತಿಗೆ ಅವನನ್ನು ಬೆಂಚಿನ ಮೇಲೆ ಕೂರಿಸಿ, ತಮ್ಮನ ಮುಖವನ್ನು ಒಂದು ಸಲ ದಿಟ್ಟಿಸಿ, "ಒಳಗೆ ರಬ್ಬರ್ ವಾಸನೆ, ನಾನು ಹೊರಗಿರ್ತೀನಿ" ಎಂದು ಮೆಟ್ಟಿಲ ಮೇಲೆ ಹೋಗಿ ಕೂತಳು. ಕಿವಿಯನ್ನು ಮಾತ್ರ ಒಳಗೇ ಬಿಟ್ಟು ಹೋಗಿದ್ದಳು.

"ಎಷ್ಟು ಜನರದ್ದಾಯ್ತು?"

"ಹದಿನೇಳು."

"ವಕೀಲರದ್ದು?"

"ಅವ್ರ ಹೆಬ್ಬೆರಳು ಈ ಸಲಾನೂ ಹಿಡಿಯುತ್ತಂತೆ."

"ಉಗುರು ಕತ್ತರಿಸೋಕೆ ಹೇಳು. ಹತ್ತು ವರ್ಷದಿಂದ ಹೇಳ್ತಿದೀನಿ." ಅಣ್ಣನ ಬಾಯಿಯ ಎಡ ಅಂಚು ನಕ್ಕಿತು, ಬಲ ಅಂಚು ಇದ್ದಲ್ಲೇ ಇತ್ತು. "ಹೂಂ, ತಗೊಂಬಾ ನಂದು."

ಅಣ್ಣನ ಒಂಟಿ ಸ್ಕೀ ಮೇಲಿನ ಸಾಲಿನ ಮೊದಲನೇ ಗೂಟದಲ್ಲಿತ್ತು. ತಮ್ಮ ಅದನ್ನು ಇಳಿಸಿ ಬೆಂಚಿನ ಮುಂದೆ ನೆಲದ ಮೇಲೆ ಮಲಗಿಸಿದ. ಮುಂದಿನ ಬೂಟು ಬಲಗಾಲಿನದು. ಅದರ ರಬ್ಬರಿನ ಮೇಲೆ, ಹಿಮ್ಮಡಿಯ ಒಳಮಗ್ಗುಲಲ್ಲಿ, ಹಳೇ ವರ್ಷಗಳ ಗೆರೆಗಳು ಒಂದರ ಮೇಲೊಂದು ಬಿದ್ದು ಮಾಸಲು ಬಿಳುಪಾಗಿ ಉಳಿದಿದ್ದವು. ಅಣ್ಣನಿಗೆ ಪ್ರತಿ ವರ್ಷವೂ ಅಲ್ಲೇ ಹಿಡಿಯುತ್ತಿತ್ತು. ಎಷ್ಟು ಸರಿಮಾಡಿದರೂ ಮರುವರ್ಷ ಮತ್ತೆ ಅಲ್ಲೇ.

ತಮ್ಮ ಪೌಡರು ಹಾಕಿದ. ಮಂಡಿಯೂರಿ ಅಣ್ಣನ ಷೂ ಬಿಚ್ಚಿ, ಕಾಲುಚೀಲ ತೆಗೆದು, ಕಾಲನ್ನು ಎರಡೂ ಕೈಯಲ್ಲಿ ಎತ್ತಿದ. ಕಾಲು ತಣ್ಣಗಿತ್ತು. ಬೇರೆ ಯಾರದೋ ವಸ್ತುವನ್ನು ಹಿಡಿದುಕೊಂಡಂತೆ ಅನಿಸಿತು. ಬೆರಳುಗಳನ್ನು ನೇರಮಾಡಿ ಬೂಟಿಗೆ ತೂರಿಸಿದ. ಮುಂಗಾಲು ಒಳಗೆ ಹೋಯಿತು, ಮಿಕ್ಕದ್ದು ಹೋಗಲಿಲ್ಲ. ಹಿಮ್ಮಡಿ ಕೂರಬೇಕಾದರೆ ಅಣ್ಣನೇ ಕಾಲನ್ನು ಒತ್ತಬೇಕು. ತಮ್ಮ ತಳ್ಳಿದ, ರಬ್ಬರನ್ನು ಎಳೆದ. ಒಳಗೆ ಬೆರಳುಗಳು ಮಡಚಿಕೊಂಡದ್ದು ಕೈಗೆ ತಿಳಿಯಿತು. ಹಿಮ್ಮಡಿ ಬೂಟಿನ ಅಂಚಿನ ಮೇಲೆ, ಎರಡು ಬೆರಳು ಎತ್ತರದಲ್ಲಿ, ಹೊರಗೇ ನಿಂತಿತು.

ಅಣ್ಣ ಕೆಳಗೆ ನೋಡುತ್ತಿರಲಿಲ್ಲ. ಎದುರಿನ ಕಿಟಕಿಯಾಚೆ ಕೆರೆಯನ್ನು ನೋಡುತ್ತಿದ್ದ. ಗಾಳಿ ಇರಲಿಲ್ಲ. ನೀರು ಸ್ಲೇಟಿನ ಬಣ್ಣಕ್ಕಿತ್ತು.

"ಹಾಕಿದ್ಯಾ?"

ಬಾಗಿಲ ಹೊರಗೆ ಅತ್ತಿಗೆ ಕೆಮ್ಮಿದಳು. ಕೆಮ್ಮು ಬಂದು ಕೆಮ್ಮಿದ್ದಲ್ಲ ಅದು.

"ಹೂಂ, ಅಣ್ಣ," ಎಂದ ತಮ್ಮ. ಆಮೇಲೆ ಮೂವತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು. "ಎಲ್ಲಿ ಹಿಡಿಯುತ್ತೆ?"

ಅಣ್ಣ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿದ, ದೂರದಲ್ಲಿ ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವವನಂತೆ.

"ಹಿಮ್ಮಡಿ ಹತ್ರ. ಒಳಮಗ್ಗುಲು. ಸ್ವಲ್ಪ."

ತಮ್ಮ ಸೀಮೆಸುಣ್ಣ ತೆಗೆದುಕೊಂಡ. ಈಗ ಹೇಳಬೇಕಿತ್ತು. ಅಣ್ಣಾ, ನಿನ್ನ ಹಿಮ್ಮಡಿ ಒಳಗೇ ಇಲ್ಲ ಎನ್ನಬೇಕಿತ್ತು. ಒಂದೇ ಮಾತು, ಬಾಯಿಗೂ ಬಂತು. ಅವನು ಬಗ್ಗಿ ಬೂಟಿನ ಒಳಮಗ್ಗುಲಲ್ಲಿ, ಹಳೇ ಗೆರೆಗಳ ಮೇಲೆಯೇ, ಇನ್ನೊಂದು ಗೆರೆ ಎಳೆದ. ಖಾಲಿ ರಬ್ಬರು ಸೀಮೆಸುಣ್ಣದ ಒತ್ತಡಕ್ಕೆ ಒಳಕ್ಕೆ ತಗ್ಗಿತು. ಒಳಗೆ ಹಿಮ್ಮಡಿ ಇದ್ದಿದ್ದರೆ ಹಾಗೆ ತಗ್ಗುತ್ತಿರಲಿಲ್ಲ.

ಆಗ ಅಣ್ಣ ಕೆಳಗೆ ನೋಡಿದ.

ಬಹಳ ಹೊತ್ತು ನೋಡಿದ. ಹೊರಗೆ ನಿಂತ ಹಿಮ್ಮಡಿ, ಅದರ ಕೆಳಗೆ ಗೆರೆ ಎಳೆದ ಖಾಲಿ ಬೂಟು, ಕೈಯಲ್ಲಿ ಸೀಮೆಸುಣ್ಣ ಹಿಡಿದು ತಲೆ ತಗ್ಗಿಸಿ ಕೂತ ತಮ್ಮ. ಬೈಯುತ್ತಾನೆ ಎಂದುಕೊಂಡ ತಮ್ಮ. ಬೈದಿದ್ದರೆ ಒಳ್ಳೆಯದಿತ್ತು.

"ತೆಗಿ," ಎಂದ ಅಣ್ಣ.

ತಮ್ಮ ಕಾಲನ್ನು ಬಿಡಿಸಿ, ಮಡಚಿದ ಬೆರಳುಗಳನ್ನು ನೀವಿ, ಕಾಲುಚೀಲ ಹಾಕಿದ, ಷೂ ಹಾಕಿ ಲೇಸು ಕಟ್ಟಿದ. ಸ್ಕೀಯನ್ನು ಎತ್ತಿಕೊಂಡು ನಿಂತ. ಮೇಲಿನ ಗೂಟವೋ ಕೆಳಗಿನ ಸಾಲೋ ತಿಳಿಯಲಿಲ್ಲ.

"ಎಲ್ಲಿಗೆ ಹೊತ್ಕೊಂಡು ಹೋಗ್ತಿದೀಯ? ಕೆಳಗಿಡು. ನೀನು ಹಾಕು ಕಾಲು."

"ನಾನಾ? ನಾನ್ಯಾಕಣ್ಣ? ನಾನೇನು ನೀರಿಗಿಳಿಯೋನಾ?"

"ಹಾಕು ಅಂದ್ರೆ ಹಾಕಪ್ಪ."

ತಮ್ಮ ಚಪ್ಪಲಿ ಬಿಟ್ಟು ಬಲಗಾಲನ್ನು ಬೂಟಿಗಿಟ್ಟ. ಚಿಕ್ಕಂದಿನಲ್ಲಿ ಅವನಿಗೆ ಹೊಸ ಷೂ ಎಂಬುದೇ ಇರಲಿಲ್ಲ. ಅಣ್ಣನ ಕಾಲಿಗೆ ಪಳಗಿದ ಷೂಗಳೇ ಮರುವರ್ಷ ಅವನಿಗೆ. ಈಗಲೂ ಕಾಲು ಹಾಗೆಯೇ ದಾರಿ ಹುಡುಕಿಕೊಂಡು ಹೋಯಿತು. ಒತ್ತಿದ. ಹಿಮ್ಮಡಿ ಒಳಗೆ ಕೂತಿತು.

ಅಣ್ಣ ಎಡಗೈ ಚಾಚಿದ. ತಮ್ಮ ಅದರಲ್ಲಿ ಸೀಮೆಸುಣ್ಣ ಇಟ್ಟ. ಮಂಡಿಯೂರುವುದು ಅಣ್ಣನಿಂದಾಗದು. ಬೆಂಚಿನಿಂದಲೇ ಬಗ್ಗಿ, ತೂಕವನ್ನು ತಮ್ಮನ ತೊಡೆಗೆ ಒರಗಿಸಿ, ಏದುಸಿರು ಬಿಡುತ್ತ ಕೇಳಿದ.

"ಎಲ್ಲಿ ಹಿಡಿಯುತ್ತೆ?"

ತಮ್ಮ ಬಾಯಿ ತೆರೆದ. ಹಿಡಿಯುತ್ತಿತ್ತು. ಒಳಮಗ್ಗುಲಲ್ಲಿ, ಮೂಳೆಯ ಕೆಳಗೆ, ಚೆನ್ನಾಗಿಯೇ ನೋಯುತ್ತಿತ್ತು. ಎರಡು ತಿಂಗಳಲ್ಲಿ ಅವನಿಗೆ ನೋವು ಎಂದು ಗೊತ್ತಾದದ್ದು ಅದೇ ಮೊದಲು.

"ಹಿಮ್ಮಡಿ ಹತ್ರ," ಎಂದ. "ಅಲ್ಲೇ, ಅಣ್ಣ. ಒಳಮಗ್ಗುಲು."

"ಜಾಸ್ತೀನಾ?"

"ಜಾಸ್ತಿ."

"ಹೂಂ. ಸ್ಕ್ರೂ ಅರ್ಧ ಸುತ್ತು ಬಿಡು. ಚೀಟಿ ಮೇಲೆ ನಿನ್ನ ಹೆಸರು ಬರ್ಕೋ." ಅಣ್ಣ ಗೆರೆ ಎಳೆಯತೊಡಗಿದ.

"ಆಯ್ತಾ?" ಎಂದು ಬಾಗಿಲಿಗೆ ಬಂದ ಅತ್ತಿಗೆ, ನಿಂತವನನ್ನೂ ಬಗ್ಗಿದವನನ್ನೂ ನೋಡಿ ಹೊಸ್ತಿಲಲ್ಲೇ ಉಳಿದಳು.

ಎಡಗೈಗೆ ಅಭ್ಯಾಸವಿರಲಿಲ್ಲ. ಗೆರೆ ಸೊಟ್ಟಗೆ ಹೊರಟು, ಹಳೇ ಗೆರೆಗಳನ್ನು ದಾಟಿ, ಬೂಟಿನ ಅಂಚು ಮುಗಿದದ್ದೂ ತಿಳಿಯದೆ ತಮ್ಮನ ಕಾಲಿನ ಮೇಲೂ ಒಂದಿಷ್ಟು ದೂರ ಬಿಳಿಯಾಗಿ ಹೋಯಿತು. ತಮ್ಮ ಕಾಲು ಅಲುಗಾಡಿಸದೆ ನಿಂತಿದ್ದ.